ದಾಳಿ ಆದ್ಮೇಲೆ ಬರೋ ಜಂಟಿ ಹೇಳಿಕೆನ ಓದೋದು ಹೇಗೆ

ಎಲ್ಲೋ ಉಗ್ರರ ದಾಳಿ ಆಗುತ್ತೆ, ಸಂಜೆಯೊಳಗೆ ಹತ್ತಾರು ದೇಶದವ್ರು "ನಿಮ್ ಜೊತೆ ನಾವಿದ್ದೀವಿ" ಅಂತಾರೆ, ಫ್ಯಾಮಿಲಿ ಗ್ರೂಪಲ್ಲಿ ನಮ್ ಚಿಕ್ಕಪ್ಪ "ನೋಡ್ರೋ, ಇಡೀ ಪ್ರಪಂಚ ನಮ್ ಕಡೆ" ಅಂತ ಫಾರ್ವರ್ಡ್ ಹಾಕ್ತಾರೆ. ಅದ್ರಲ್ಲಿ ಸ್ನೇಹ ಎಷ್ಟು, ಬರೀ ಮರ್ಯಾದೆ ಎಷ್ಟು ಅಂತ ಅಳೆಯೋಕೆ ನಾನು ಏನ್ ಮಾಡ್ತೀನಿ ಹೇಳ್ತೀನಿ, ಮೊಬೈಲ್ ಒಂದಿದ್ರೆ ಸಾಕು.

ಮೊದ್ಲು ಟಿವಿ ಆಫ್ ಮಾಡಿ. ಟ್ವೀಟೂ ಲೆಕ್ಕಕ್ಕಿಲ್ಲ, ಸಾವಿನ ಮನೆಗೆ ಬಂದವ್ರೆಲ್ಲಾ ಹೆಗಲು ಕೊಡಲ್ಲ. ವಿದೇಶಾಂಗ ಇಲಾಖೆ ವೆಬ್‌ಸೈಟಲ್ಲಿ ಪೂರ್ತಿ ಹೇಳಿಕೆ ಹಾಕಿರ್ತಾರೆ, ಓಪನ್ ಮಾಡಿ ಟೆರರಿಸಂ ಅಂತ ಸರ್ಚ್ ಕೊಡಿ, ಎಷ್ಟೇ ಪುಟ ಇರ್ಲಿ, ಸಾಮಾನ್ಯವಾಗಿ ಕೆಲವೇ ಪ್ಯಾರಾಗೆ ಬಂದು ನಿಲ್ಲುತ್ತೆ.

"ಎಲ್ಲಾ ರೂಪದ ಭಯೋತ್ಪಾದನೆಯನ್ನ ಖಂಡಿಸ್ತೀವಿ" ಅನ್ನೋ ಸಾಲು ಲಗ್ನಪತ್ರಿಕೇಲಿ "ತಮ್ಮ ಸುಖಾಗಮನವನ್ನು ಬಯಸುವ" ಅಂತ ಇರುತ್ತಲ್ಲ, ಹಂಗೆ, ದಾಟ್ಕೊಂಡ್ ಹೋಗಿ. ಹುಡುಕ್ಬೇಕಾಗಿರೋದು ಹೆಸರು. ದಾಳಿ ಆದ ಊರಿನ ಹೆಸರಿದ್ಯಾ, ಸಂಘಟನೆ ಹೆಸರಿದ್ಯಾ, ಕೊನೇಗೆ ಅವ್ರನ್ನ ಸಾಕಿದ ದೇಶದ ಹೆಸರಿದ್ಯಾ. ಮೂರನೇದು ಬರೋದು ಅಪರೂಪ, "ಗಡಿಯಾಚೆಗಿನ ಭಯೋತ್ಪಾದನೆ" ಅಂತ ಬರೆದು ಕೈ ತೊಳ್ಕೊಳ್ತಾರೆ.

ಪಹಲ್ಗಾಮ್ ತಗೊಳ್ಳಿ. 2025ರ ಏಪ್ರಿಲ್ 22, ಸತ್ತವ್ರು 26 ಜನ, ನಮ್ ಶಿವಮೊಗ್ಗದವ್ರೂ ಒಬ್ರು. ಜೂನಲ್ಲಿ ಚೀನಾದ ಚಿಂಗ್ಡಾವ್‌ನಲ್ಲಿ ಶಾಂಘೈ ಸಹಕಾರ ಸಂಘಟನೆಯ (ಚೀನಾ, ರಷ್ಯಾ, ನಾವು, ಪಾಕಿಸ್ತಾನ ಎಲ್ಲಾ ಇರೋ ಕೂಟ) ರಕ್ಷಣಾ ಮಂತ್ರಿಗಳು ಸೇರಿದ್ರು, ಕರಡಲ್ಲಿ ಪಹಲ್ಗಾಮ್ ಹೆಸರೇ ಇರ್ಲಿಲ್ಲ, ರಾಜನಾಥ್ ಸಿಂಗ್ ಸೈನ್ ಹಾಕ್ಲಿಲ್ಲ, ಜಂಟಿ ಹೇಳಿಕೆನೇ ಹೊರಗೆ ಬರ್ಲಿಲ್ಲ. ಸೆಪ್ಟೆಂಬರ್ 1ಕ್ಕೆ ಅದೇ ಸಂಘಟನೆಯ ಟಿಯಾಂಜಿನ್ ಘೋಷಣೇಲಿ ಹೆಸರು ಬಂತು. ಆದ್ರೆ ಪಕ್ಕದಲ್ಲೇ ಪಾಕಿಸ್ತಾನದ ಬಲೂಚಿಸ್ತಾನದಲ್ಲಾದ ಜಾಫರ್ ಎಕ್ಸ್‌ಪ್ರೆಸ್ ರೈಲು, ಖುಜ್ದಾರ್ ದಾಳಿನೂ ಇದೆ, ಅಂದ್ರೆ ತಕ್ಕಡಿ ಸಮ ಮಾಡಿ ತೂಗಿದಾರೆ. (ಖುಜ್ದಾರಲ್ಲಿ ಸತ್ತಿದ್ದು ಸ್ಕೂಲ್ ಬಸ್ಸಿನ ಮಕ್ಕಳು, ಅದನ್ನ ಖಂಡಿಸ್ಬಾರ್ದು ಅಂತ ನಾನು ಹೇಳ್ತಿಲ್ಲ, ಸಾಲುಗಳನ್ನ ಹೆಂಗೆ ಜೋಡಿಸ್ತಾರೆ ಅನ್ನೋದು ಹೇಳ್ತಿದೀನಿ.) ಜುಲೈ 1ರ ಕ್ವಾಡ್ (ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಕೂಟ) ಹೇಳಿಕೇಲಿ ಪಹಲ್ಗಾಮ್ ಇದೆ, 25 ಭಾರತೀಯರು ಒಬ್ಬ ನೇಪಾಳಿ ಅಂತ ಲೆಕ್ಕನೂ ಇದೆ, ದುಡ್ಡು ಕೊಟ್ಟವ್ರಿಗೂ ಶಿಕ್ಷೆ ಆಗ್ಲಿ ಅಂತಿದೆ, ಪಾಕಿಸ್ತಾನ ಅನ್ನೋ ಪದ ಮಾತ್ರ ಇಲ್ಲ.

ಹೇಳಿಕೆ ಓದಿದ್ದಾಯ್ತು, ಈಗ ಕಾಯಿರಿ. ಆರು ತಿಂಗಳಿಗೆ ಒಂದು ರಿಮೈಂಡರ್ ಇಡಿ, ಮಾತಾಡಿದವ್ರು ಏನಾದ್ರೂ ಮಾಡಿದ್ರಾ ಅಂತ ನೋಡಿ. ಪಹಲ್ಗಾಮ್ ದಾಳಿ ನಮ್ದೇ ಅಂತ ಮೊದ್ಲು ಹೇಳ್ಕೊಂಡಿದ್ದ, ಲಷ್ಕರ್ ಮುಖವಾಡ ಆಗಿದ್ದ ಟಿಆರ್‌ಎಫ್‌ನ ಅಮೆರಿಕ ಜುಲೈನಲ್ಲೇ ಉಗ್ರರ ಪಟ್ಟಿಗೆ ಸೇರಿಸ್ತು, ಅದಕ್ಕೆ ಮಾರ್ಕ್ಸ್ ಕೊಡ್ಬೇಕು. ಜೈಶ್ ಉಗ್ರರ ಮುಖ್ಯಸ್ಥ ಮಸೂದ್ ಅಜರ್ ವಿಷ್ಯದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ವರ್ಷಗಟ್ಟಲೆ ವಿಶ್ವಸಂಸ್ಥೇಲಿ ತಳ್ಳಾಡಿದ್ವು, ಚೀನಾ ಅಡ್ಡಗಾಲು ತೆಗೆದು ಅವನ ಹೆಸರು ಪಟ್ಟಿಗೆ ಸೇರಿದ್ದು 2019ರ ಮೇ 1ಕ್ಕೆ.

ತಮ್ ಕೈಯಿಂದ ಕಳ್ಕೊಂಡಾದ್ರೂ ಜೊತೆಗೆ ನಿಂತ ಸ್ನೇಹ ಹೆಂಗಿರುತ್ತೆ ಅಂತ ಗೊತ್ತಾಗ್ಬೇಕಂದ್ರೆ 2001 ನೋಡಿ. ಅಮೆರಿಕದ ಮೇಲೆ ದಾಳಿ ಆದ ಮಾರನೇ ದಿನವೇ ನ್ಯಾಟೋ (ಅಮೆರಿಕ, ಯೂರೋಪ್ ದೇಶಗಳ ಸೇನಾ ಒಕ್ಕೂಟ) ಐದನೇ ವಿಧಿನ ಮೊದಲ ಸಲ ಹೊರಗೆ ತೆಗೀತು, ಒಬ್ಬರ ಮೇಲೆ ಬಿದ್ರೆ ಎಲ್ಲರ ಮೇಲೆ ಬಿದ್ದಂಗೆ ಅನ್ನೋದು. ಆಮೇಲೆ 13 ದೇಶದ 830 ಸಿಬ್ಬಂದಿ, 7 ಅವಾಕ್ಸ್ (ರಾಡಾರ್ ಹೊತ್ತು ಕಣ್ಗಾವಲಿಡೋ) ವಿಮಾನ ತಗೊಂಡು ಅಕ್ಟೋಬರಿಂದ ಮೇ ತಂಕ ಅಮೆರಿಕದ ಆಕಾಶ ಕಾದ್ರು. ಯಾವತ್ತೂ ಯೂರೋಪ್ ಕಾಯ್ತಿದ್ದ ಅಮೆರಿಕನ ಯೂರೋಪಿನವ್ರು ಕಾದಿದ್ದು! ಬೆಂಗಳೂರಿನ ಅರ್ಧದಷ್ಟೂ ಜನ ಇಲ್ದಿರೋ ಡೆನ್ಮಾರ್ಕ್ ಅಫ್ಘಾನಿಸ್ತಾನದಲ್ಲಿ 40ಕ್ಕೂ ಜಾಸ್ತಿ ಸೈನಿಕರನ್ನ ಕಳ್ಕೊಂಡ್ತು.

ಎಷ್ಟೇ ಸ್ನೇಹ ಇದ್ರೂ ಅದಕ್ಕೊಂದು ಗಡಿ ಇರುತ್ತೆ, ಅದೆಲ್ಲಿದೆ ಅಂತನೂ ಗುರ್ತು ಮಾಡ್ಕೊಳ್ಳಿ. 26/11 ಮುಂಬೈ ದಾಳಿ ಕೇಸಲ್ಲಿ ಸಂಚಿಗೆ ನೆರವಾದ ಆರೋಪ ಇರೋ ತಹವ್ವುರ್ ರಾಣಾನ ಅಮೆರಿಕ 2025ರ ಏಪ್ರಿಲ್ 10ಕ್ಕೆ ದಿಲ್ಲಿಗೆ ತಲುಪಿಸ್ತು. ಆದ್ರೆ ಊರೂರು ಸುತ್ತಿ ದಾಳಿಗೆ ಮುಂಚೆ ತಾಜ್ ಹೋಟೆಲಿನ ವಿಡಿಯೋ ಮಾಡ್ಕೊಂಡ್ ಹೋದ ಅಮೆರಿಕದ ಪ್ರಜೆ ಡೇವಿಡ್ ಹೆಡ್ಲಿ? ತಪ್ಪೊಪ್ಕೊಂಡು ಡೀಲ್ ಮಾಡ್ಕೊಂಡ, ಭಾರತಕ್ಕೆ ಕಳ್ಸಲ್ಲ ಅನ್ನೋದೂ ಆ ಡೀಲಲ್ಲೇ ಇದೆ, 2013ರಲ್ಲಿ ಅಲ್ಲೇ 35 ವರ್ಷ ಶಿಕ್ಷೆ ಆಯ್ತು. ನನ್ ಫೋನಲ್ಲಿ ಅವನ ಹೆಸರಿಗೊಂದು ರಿಮೈಂಡರ್ ಇದೆ, ನವೆಂಬರ್ 26ಕ್ಕೆ ಹೊಡ್ಕೊಳ್ಳುತ್ತೆ, ಮುಂದಿನ ವರ್ಷಕ್ಕೆ ತಳ್ತೀನಿ.