625ಕ್ಕೆ 626: ಕುಚೋದ್ಯ ಎಷ್ಟು, ಕಥೆ ಎಷ್ಟು

ಹರೆಯದ ಹುಡುಗರಿಗೆ ವಿಡಂಬನೆ ನಡೆಯೋದಿಲ್ಲ, ಒಂದೋ ನಗೆಬರಹ ಬರೀರಿ, ಇಲ್ಲಾ ಮಕ್ಕಳ ಕಾದಂಬರಿ ಬರೀರಿ ಅಂತ ಇಬ್ಬರು ಪ್ರಕಾಶಕರು ನನ್ನ ವಿಡಂಬನೆ ಕಾದಂಬರಿಯ ಹಸ್ತಪ್ರತಿ ವಾಪಸ್ ಕೊಟ್ಟಿದ್ದರು. ಕೈಯಿಂದ ರೊಕ್ಕ ಹಾಕಿ ಅಚ್ಚು ಮಾಡಿಸಿದ 500 ಪ್ರತಿ ಸುಮಾರು ಹದಿನಾಲ್ಕು ತಿಂಗಳಲ್ಲಿ ಖಾಲಿಯಾಗಿವೆ. ಹಾಗಾಗಿ, ಅದರಲ್ಲಿ ಕುಚೋದ್ಯವನ್ನೂ ಕಥೆಯನ್ನೂ ಹೇಗೆ ಹೊಂದಿಸಿದೆ ಅನ್ನೋ ಈ ಟಿಪ್ಪಣಿ. ಕಥೆ ಕಟ್ಟೋದು ಗೊತ್ತಿದ್ದವರಿಗೆ ಬರೆದದ್ದು, ಪಾತ್ರ ಅಂದರೇನು ಅಂತ ಇಲ್ಲಿ ಹೇಳೋದಿಲ್ಲ.

ವಸ್ತು ಇಷ್ಟೇ. ಹಾವೇರಿ ಕಡೆಯ ಹಳ್ಳಿಯ ಹುಡುಗ ಧಾರವಾಡದ ಹೊರಗಿನ ಒಂದು ಖಾಸಗಿ ವಸತಿ ಶಾಲೆಗೆ ಒಂಬತ್ತನೇ ಇಯತ್ತೆಗೆ ಸೇರುತ್ತಾನೆ. ಜೊತೆಗೆ ಅದೇ ಊರಿನ ಗೆಳೆಯ ಈರಣ್ಣ. ಶಾಲೆಯದು ಪ್ರತಿ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ. ಅದು ಹೇಗೆ ಬರುತ್ತದೆ ಅನ್ನೋದೇ ಕಥೆ.

ಮೊದಲ ಕರಡು 48 ಸಾವಿರ ಪದ ಇತ್ತು, ಪುಟಪುಟಕ್ಕೂ ಕುಟುಕು. ಒಂಬತ್ತು, ಹತ್ತನೇ ಇಯತ್ತೆಯ ಹನ್ನೊಂದು ಹುಡುಗ-ಹುಡುಗಿಯರಿಗೆ ಝೆರಾಕ್ಸ್ ಕೊಟ್ಟು ಓದಿಸಿದ್ದಾಯಿತು. ಚೆನ್ನಾಗಿ ನಕ್ಕರು. ಆರನೇ ಅಧ್ಯಾಯದ ಹೊತ್ತಿಗೆ ಒಂಬತ್ತು ಮಂದಿ ಬಿಟ್ಟಿದ್ದರು. ಮುಂದೇನಾಯ್ತು ಅಂತ ಒಬ್ಬರೂ ಕೇಳಲಿಲ್ಲ. ಕಾರಣ ಎರಡು. ಕಥೆ ಹೇಳುವ ಹುಡುಗನಿಗೆ ವಯಸ್ಸು ಹದಿನೈದು, ನಾಲಿಗೆ ಮಾತ್ರ ಮೂವತ್ತರದು. ಅವನು ಎಲ್ಲವನ್ನೂ ಮೊದಲೇ ತಿಳಿದವನ ಹಾಗೆ ಅಟ್ಟದ ಮೇಲೆ ಕೂತು ನಗುತ್ತಿದ್ದ. ಓದುವ ಹುಡುಗ ದಿನಾ ಅಂಥದೇ ಶಾಲೆಗೆ ಹೋಗುವವ, ನಗೆ ತನ್ನ ಮೇಲೇ ಬಂತು ಅಂತ ಅವನಿಗೆ ಅನಿಸುತ್ತದೆ. ಎರಡನೆಯದು, ದೊಡ್ಡವರೆಲ್ಲ ಪೆದ್ದರಾಗಿದ್ದರು. ಪೆದ್ದರ ಕೈಯಲ್ಲಿ ಸೋತವನ ಸೋಲು ಯಾರಿಗೆ ನೋಯುತ್ತದೆ?

ಸಿಟ್ಟಿನಿಂದ ಎರಡನೇ ಕರಡಿನಲ್ಲಿ ಕುಟುಕನ್ನೆಲ್ಲ ಕಿತ್ತು ಹಾಕಿದ್ದೆ. 29 ಸಾವಿರ ಪದ ಉಳಿದವು. ಸ್ವಾತಂತ್ರ್ಯೋತ್ಸವದ ಭಾಷಣದ ಹಾಗಿತ್ತು, ಅದರ ಬಗ್ಗೆ ಬೇರೆ ಹೇಳೋದು ಬೇಡ.

ಮೂರನೆಯದರಲ್ಲಿ ದಾರಿ ಸಿಕ್ಕಿತು. ಯಾವುದನ್ನು ಲೇವಡಿ ಮಾಡಬೇಕೋ ಅದೇ ನಾಯಕನಿಗೆ ಬೇಕಾಗಿರಬೇಕು. ಶಾಲೆಯ ಮುಂದಿನ ಫ್ಲೆಕ್ಸ್ ಬೋರ್ಡು ನಮ್ಮ ಗುರಿ, ಆ ಬೋರ್ಡಿನ ಮೇಲೆ ತನ್ನ ಫೋಟೋ ಬರಬೇಕು ಅನ್ನೋದು ಹುಡುಗನ ಕನಸು. ಇಷ್ಟಾದ ಮೇಲೆ ಬೋರ್ಡನ್ನು ನೋಡಿ ನಗುವ ಓದುಗನಿಗೆ ಹುಡುಗನ ಬಗ್ಗೆ ಹೆದರಿಕೆಯೂ ಹುಟ್ಟುತ್ತದೆ. ಕಥೆ ಓಡೋದು ಆ ಹೆದರಿಕೆಯ ಮೇಲೆ.

ಕೆಲಸ ಮಾಡಿದ್ದು ಹೀಗೆ. ಮೊದಲ ಕರಡಿನ ಒಂದೊಂದು ಕುಟುಕನ್ನೂ ನೋಟ್‌ಬುಕ್ಕಿಗೆ ಇಳಿಸಿ, ಎದುರಿಗೆ ಮೂರು ಕಾಲಂ ಎಳೆದೆ: ಯಾರು ಅಂದರು, ಅದರಿಂದ ಯಾರಿಗೆ ನಷ್ಟ, ಅದಾದ ಮೇಲೆ ಹುಡುಗ ಏನು ಮಾಡಿದ. ಮೂರನೇ ಕಾಲಂ ಖಾಲಿ ಇದ್ದರೆ ಅಡ್ಡಗೆರೆ. ಇನ್ನೂರರ ಮೇಲೆ ಇದ್ದದ್ದು ಅರವತ್ತು ಚಿಲ್ಲರೆಗೆ ಬಂತು. ಹೋದವುಗಳಲ್ಲಿ ನನಗೆ ಬಹಳ ಪ್ರೀತಿಯವೂ ಇದ್ದವು, ಅವನ್ನು ಇನ್ನೊಂದು ಪುಸ್ತಕಕ್ಕೆ ಡಬ್ಬಿಯಲ್ಲಿಟ್ಟಿದ್ದೇನೆ.

ಒಂದನ್ನು ಹತ್ತಿರದಿಂದ ನೋಡಿ. ಮೊದಲ ಕರಡಿನ ವಾಕ್ಯ: 'ಅಂಕಗಳಿಗೇ ಅಂಕೆ ತಪ್ಪಿದೆ ಎಂಬಂತೆ ಬೋರ್ಡು ಹಲ್ಲು ಕಿರಿಯುತ್ತಿತ್ತು.' ಲೇಖಕನ ಜಾಣತನ ಬಿಟ್ಟು ಅದರಲ್ಲಿ ಏನೂ ಇಲ್ಲ. ಈಗ ಅಚ್ಚಾಗಿರುವುದು:

ಬೋರ್ಡಿನ ಮ್ಯಾಲೆ ಒಂದು ಹುಡುಗಿ ಫೋಟೋ, ಅದರ ಕೆಳಗ 626.
"ಲೇ, ಪರೀಕ್ಷಾ 625ಕ್ಕ ಅಲ್ಲೇನೋ?" ಅಂದ ಈರಣ್ಣ.
"ಇಲ್ಲೆ ಅಷ್ಟು ಚಲೋ ಕಲಸ್ತಾರಂತ," ಅಂದೆ.
ಅಪ್ಪ ಆಗಲೇ ಅಂಗಿ ಒಳಗಿನ ಕಿಸೆಗೆ ಕೈ ಹಾಕಿದ್ದ.

626 ಕುಚೋದ್ಯ, ಕಿಸೆಗೆ ಹೋದ ಕೈ ಕಥೆ. ನಡುವೆ ಲೇಖಕನಿಗೆ ಜಾಗವಿಲ್ಲ. ಇದರ ಕೆಳಗೆ 'ಬೀಜಕ್ಕಂತ ತೆಗೆದಿಟ್ಟ ರೊಕ್ಕ' ಅಂತ ಇನ್ನೊಂದು ಸಾಲಿತ್ತು. ಅದನ್ನು ತೆಗೆದು ಒಂಬತ್ತನೇ ಅಧ್ಯಾಯಕ್ಕೆ, ಬಿತ್ತನೆ ಹೊತ್ತು ಬಂದರೂ ಅಪ್ಪ ಬೀಜ ಕೊಳ್ಳದೆ ಕೂತ ದಿನಕ್ಕೆ ಸಾಗಿಸಿದೆ. ಮೊದಲೇ ಹೇಳಿದ್ದರೆ ನಗು ಹುಟ್ಟುತ್ತಲೇ ಸಾಯುತ್ತಿತ್ತು.

ಇನ್ನೊಂದು ಸಲಕರಣೆ ನಮ್ಮ ಕಚೇರಿ ಕನ್ನಡ. ಇಷ್ಟು ಗಂಭೀರವಾಗಿ ಸುಳ್ಳು ಹೇಳಬಲ್ಲ ಭಾಷೆ ಎಲ್ಲೂ ಸಿಗೋದಿಲ್ಲ. ನೂರಕ್ಕೆ ನೂರು ಬರುವ ಗುಟ್ಟನ್ನು ಒಂದು ನೋಟೀಸಿನಲ್ಲಿ ಬಿಚ್ಚಿದ್ದು: 'ಈ ಕೆಳಗಿನ ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ಶಾಲೆ ತೊರೆಯಬಯಸಿರುವುದನ್ನು ಈ ಮೂಲಕ ಅವರಿಗೆ ತಿಳಿಯಪಡಿಸಲಾಗಿದೆ.' ಮೂರನೇ ಹೆಸರು ಈರಣ್ಣನದು. ಹತ್ತನೇ ಇಯತ್ತೆಗೆ ಮೊದಲೇ ಕಚ್ಚಾ ಹುಡುಗರ ಕೈಗೆ ಟಿ.ಸಿ. ಕೊಟ್ಟರೆ ಫೇಲಾಗಲು ಯಾರೂ ಉಳಿಯೋದಿಲ್ಲ. ಇದನ್ನು ಕಥೆಯಲ್ಲಿ ಯಾರೂ ವಿವರಿಸೋದಿಲ್ಲ. ನೋಟೀಸು ನಲವತ್ತು ಪದ ದಾಟಬಾರದು, ದಾಟಿದರೆ ಹುಡುಗರು ಹಾರಿಸುತ್ತಾರೆ. ಒಂದು ನೋಟೀಸಿಗೆ ಒಂದೇ ಸುಳ್ಳು. ಎರಡು ತುರುಕಿದಾಗ ಪ್ರಹಸನವಾಯಿತು, ಈರಣ್ಣನ ಹೆಸರು ಯಾರ ಕಣ್ಣಿಗೂ ಬೀಳಲಿಲ್ಲ.

ಅಳತೆ: 22 ಅಧ್ಯಾಯ, ಒಂದೊಂದು ಸುಮಾರು 1,600 ಪದ. ಮೂರು ಅಧ್ಯಾಯಕ್ಕೊಂದು ದೊಡ್ಡ ನಗೆ ಪ್ರಸಂಗ. ಅದರ ಮುಂದಿನ ಅಧ್ಯಾಯದ ಮೊದಲ ಪ್ಯಾರಾದಲ್ಲೇ ಅದರ ಪರಿಣಾಮ ಕಾಣಬೇಕು, ಇಲ್ಲವಾದರೆ ಆ ಪ್ರಸಂಗ ತೆಗೆದರೂ ನಡೆಯುತ್ತದೆ. ಕೊನೆಯ ನಾಲ್ಕು ಅಧ್ಯಾಯಗಳಲ್ಲಿ ಹೊಸ ಕುಚೋದ್ಯ ಒಂದೂ ಇಲ್ಲ, ಹಳೆಯದೇ ತಿರುಗಿ ಬರುತ್ತದೆ. 626ರ ಬೋರ್ಡು ಕೊನೆಗೆ ಈರಣ್ಣನ ಮನೆ ಮುಂದೆ ಗೋವಿನಜೋಳದ ರಾಶಿಗೆ ಮಳೆ ತಾಗದಂತೆ ಹೊದಿಸಿದ ತಾಡಪಾಲಾಗಿರುತ್ತದೆ. ಹುಡುಗಿಯ ಫೋಟೋ ಮೇಲ್ಮುಖ, ಅದರ ಮೇಲೆ ನೀರು ನಿಂತಿದೆ. ಓದಿಸಿದಾಗ ಅಲ್ಲಿ ಯಾರೂ ನಗಲಿಲ್ಲ.

ಹದಿನೇಳನೇ ಅಧ್ಯಾಯದ ಬಹುಮಾನ ಸಮಾರಂಭದಲ್ಲಿ ನಗು ಒಂದೇ ಪದಕ್ಕೆ ಗಕ್ಕನೆ ನಿಲ್ಲುತ್ತದೆ. ಅದು ಹೇಗೆ ಅಂತ ಬಹಳ ಮಂದಿ ಕೇಳಿದ್ದಾರೆ. ಹೇಳೋದಿಲ್ಲ.

ಪೆದ್ದರ ಸಮಸ್ಯೆಗೆ ಮದ್ದು ಸಣ್ಣದು. ಮುಖ್ಯ ಸರ್ ಲೆಕ್ಕ ನಿಜವಾಗಿಯೂ ಚಲೋ ಕಲಿಸುತ್ತಾರೆ ಅಂತ ಮಾಡಿದೆ. ಲೈಟ್ ಕಂಬದ ನೆರಳು ಅಳೆಸಿ ತ್ರಿಕೋನಮಿತಿ ಹೇಳಿಕೊಡುವ ಒಂದೂವರೆ ಪುಟ, ವ್ಯಂಗ್ಯವಿಲ್ಲದೆ. ಅದನ್ನು ಓದಿದ ಹುಡುಗಿ, "ಹಂಗಾರ ಈ ಸರ್ ಕೆಟ್ಟವರೋ ಚಲೋದವರೋ?" ಅಂತ ಕೇಳಿದಳು. ಐದು ಸಲ ತಿದ್ದಿದ್ದು ಆ ಪ್ರಶ್ನೆಗಾಗಿಯೇ.

ನಡುವೆ ಒಂದಿಷ್ಟು ಹುಚ್ಚು ಪ್ರಯೋಗಗಳೂ ಆದವು. ನಮ್ಮ ಕಡೆಯ ಬಯಲಾಟ ಶ್ರೀಕೃಷ್ಣ ಪಾರಿಜಾತದ ದೂತಿಯ ಹಾಗೆ ಎಲ್ಲರ ಕಾಲೆಳೆಯುವ ಅಡಿಗೆಮನೆ ಮಾವಶಿಯನ್ನು ತಂದರೆ, ಪುಸ್ತಕ ಅವಳದೇ ಆಯಿತು. ಆಟದಲ್ಲಿ ದೂತಿ ಎಷ್ಟು ಹರಟಿದರೂ ಭಾಗವತ ಹಾಡು ಎತ್ತಿ ಕಥೆಯನ್ನು ಎಳೆದೊಯ್ಯುತ್ತಾನೆ. ಕಾದಂಬರಿಯಲ್ಲಿ ಎಳೆಯುವವರು ಯಾರು? ಮಾವಶಿಗೆ ನಾಲ್ಕೇ ಪ್ರವೇಶ ಉಳಿದವು. ಇಡೀ ಪುಸ್ತಕವನ್ನು ಧಾರವಾಡ ಮಾತಿನಲ್ಲೇ ಬರೆದೂ ನೋಡಿದೆ. ಗದಗಿನ ಹುಡುಗರಿಗೆ ಸಲೀಸು. ಮೈಸೂರಿನ ಓದುಗರಿಗೆ ಭಾಷೆಯೇ ತಮಾಷೆಯಾಗಿ ಕಂಡು, ನಗಬಾರದ ಕಡೆ ನಕ್ಕರು. ಹಾಗಾಗಿ ದೊಡ್ಡ ಪ್ರಸಂಗಗಳಲ್ಲಿ ಮತ್ತು ಮಾತುಕತೆಯಲ್ಲಿ ನಮ್ಮ ಮಾತು, ಉಳಿದ ಕಡೆ ಪುಸ್ತಕದ ಕನ್ನಡ.

ಈಗ ರೊಕ್ಕ. ಡೆಮಿ ಅಷ್ಟದಳ ಅಳತೆಯ ಪುಸ್ತಕ, 168 ಪುಟ. ಡಿ.ಟಿ.ಪಿ. (ಅಕ್ಷರ ಜೋಡಣೆ) ಪುಟಕ್ಕೆ 30ರಂತೆ ಐದು ಸಾವಿರ, ಮುಖಪುಟಕ್ಕೆ ನಾಲ್ಕು ಸಾವಿರ, ಗದಗಿನಲ್ಲಿ ಮುದ್ರಣ ಸುಮಾರು 36 ಸಾವಿರ. ಗದಗಕ್ಕೆ ಮುದ್ರಣ ಕಾಶಿ ಅಂತ ಸುಮ್ಮನೆ ಹೆಸರು ಬಂದಿಲ್ಲ, ದರ ಮತ್ತು ಕೆಲಸ ಎರಡೂ ಹೊಂದಿದವು. ಝೆರಾಕ್ಸಿಗೆ, ಓದಿದ ಹುಡುಗರ ಗಿರಮಿಟ್ಟು-ಮಿರ್ಚಿಗೆ ಮೂರು ಸಾವಿರ. ಬೆಲೆ 180. ಅಂಗಡಿಗೆ ನೂರಕ್ಕೆ ನಲವತ್ತು ಕಮಿಷನ್ ಹೋಗುತ್ತದೆ, ಅದಕ್ಕೇ ಮುನ್ನೂರು ಪ್ರತಿ ಮಾಸ್ತರರ ಮುಖಾಂತರ 120ಕ್ಕೆ ಮಾರಿದ್ದು. ಗೌರವ ಪ್ರತಿಗಳೇ ಅರವತ್ತು. ಕೈಗೆ ಹತ್ತಿದ್ದು ಸಾವಿರದೊಳಗೆ.

ಇನ್ನೂ ಒಂದಿಷ್ಟು ಉಳಿಯಬೇಕಿತ್ತು. ನುಡಿ ತಂತ್ರಾಂಶದ ಅಕ್ಷರದಿಂದ ಯುನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಚೆಲ್ಲಾಪಿಲ್ಲಿಯಾದದ್ದನ್ನು ಸರಿಪಡಿಸಲು ಕೂತ ಪ್ರೂಫ್ ನೋಡುವವರು ಭಾಳ ಶ್ರದ್ಧೆಯವರು. ಮೂರು ಕಡೆ 626 ಅನ್ನು 625 ಅಂತ ತಿದ್ದಿಬಿಟ್ಟಿದ್ದರು. ಎರಡು ಸಿಕ್ಕವು. ಮೂರನೆಯದು ಅಚ್ಚಾದ ಮೇಲೆ ಕಣ್ಣಿಗೆ ಬಿತ್ತು. ಹದಿನಾರು ಪುಟದ ಒಂದು ಫಾರಂ ಮತ್ತೆ ಹೊಡೆಸಲು ಎರಡೂವರೆ ಸಾವಿರ. ವಿಡಂಬನೆ ಬರೆಯುವವರು ಪ್ರೂಫಿನ ಅಂಚಿನಲ್ಲಿ ಕೆಂಪು ಶಾಯಿಯಿಂದ 'ತಪ್ಪು ಬೇಕಂತಲೇ ಇದೆ, ತಿದ್ದಬೇಡಿ' ಅಂತ ಬರೆದೇ ಕಳಿಸಬೇಕು. ಎರಡನೇ ಮುದ್ರಣದ ಪ್ರೂಫ್ ನಿನ್ನೆ ಬಂತು. ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದರೂ 14ನೇ ಪುಟದಲ್ಲಿ ಮತ್ತೆ 625 ಆಗಿದೆ.