ಹತ್ತು ದಿನದ ಕಾಶಿ ಯಾತ್ರೆಗೆ ನಾಲ್ಕು ದಿನದ ಬಟ್ಟೆ

ಕಾಶಿಯಲ್ಲಿ ಘಾಟ್‌ಗಳ ಹತ್ತಿರ ರೂಮು ಮಾಡಿದರೆ ಕೊನೆಯ ದಾರಿಯನ್ನು ನಡೆದೇ ಹೋಗಬೇಕು. ಗೊದೌಲಿಯಾ ಚೌಕದ ಆಸುಪಾಸಿನಲ್ಲಿ ಆಟೊದವರು ಇಳಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ಎದುರು ಬಂದವರ ಭುಜ ತಾಗುವಂಥ ಗಲ್ಲಿಗಳು. ನಡುವೆ ಹಸು, ಬೈಕು, ಮೆಟ್ಟಿಲು. ಚಕ್ರದ ಸೂಟ್‌ಕೇಸನ್ನು ಅಲ್ಲಿ ಎಳೆಯಲು ಆಗುವುದಿಲ್ಲ, ಎತ್ತಿಕೊಂಡೇ ನಡೆಯಬೇಕು. ಕಾಶಿ, ಪ್ರಯಾಗ, ಅಯೋಧ್ಯೆ ಅಂತ ಹತ್ತು ದಿನಕ್ಕೆ ಹೊರಟವರು ಬಟ್ಟೆ ಜೋಡಿಸುವ ಮೊದಲೇ ಈ ಗಲ್ಲಿಗಳ ಲೆಕ್ಕ ಹಾಕಬೇಕು.

ರೈಲ್ವೆಯವರು ಬೇಕಾದಷ್ಟು ಹೊರೆಗೆ ಬಿಡುತ್ತಾರೆ. ಸ್ಲೀಪರ್‌ನಲ್ಲೂ ತ್ರೀ ಟೈರ್ ಎಸಿಯಲ್ಲೂ ಒಬ್ಬರಿಗೆ 40 ಕೆ.ಜಿ. ಉಚಿತ. ವಿಮಾನದಲ್ಲಾದರೆ ಸಾಮಾನ್ಯವಾಗಿ ಕೈಚೀಲಕ್ಕೆ 7 ಕೆ.ಜಿ., ಕೆಳಗೆ ಹಾಕುವ ಲಗೇಜಿಗೆ 15 ಕೆ.ಜಿ. ಆದರೆ ಹೊರೆ ಹೊರುವುದು ರೈಲೂ ಅಲ್ಲ, ವಿಮಾನವೂ ಅಲ್ಲ. ನಮ್ಮ ಹೆಗಲು, ಅಲ್ವಾ? ಹತ್ತು ದಿನಕ್ಕೆ ಹತ್ತು ಶರ್ಟು, ನಾಲ್ಕೈದು ಪ್ಯಾಂಟು, ಒಳಉಡುಪು ಅಂತ ಜೋಡಿಸಿದರೆ ಒಬ್ಬರ ಬಟ್ಟೆಯೇ ಸುಮಾರು 6 ಕೆ.ಜಿ. ಆಗುತ್ತದೆ. ನಾಲ್ಕು ದಿನದ ಬಟ್ಟೆ ಒಯ್ದು ಅಲ್ಲೇ ಒಗೆದುಕೊಂಡರೆ ಎರಡು, ಎರಡೂವರೆ ಕೆ.ಜಿ.ಯಲ್ಲಿ ಮುಗಿಯುತ್ತದೆ. ನಾಲ್ಕು ಜನರ ಮನೆಗೆ ಈ ವ್ಯತ್ಯಾಸ ಒಂದು ದೊಡ್ಡ ಸೂಟ್‌ಕೇಸಿನಷ್ಟು.

ಹಾಗಾಗಿ ನನ್ನ ಸಲಹೆ ಒಗೆಯುವ ಕಡೆಗೇ. ಆದರೆ ಎರಡು ಷರತ್ತಿದೆ. ಹೋಗುವ ಊರಿನ ಹವೆಯಲ್ಲಿ ಬಟ್ಟೆ ಒಣಗಬೇಕು. ಮತ್ತೆ, ಒಗೆಯುವ ಕೆಲಸ ಅಮ್ಮನ ತಲೆಗೇ ಬೀಳಬಾರದು.

ಮೊದಲು ಹವೆ ನೋಡಿ

ಎಷ್ಟು ಬಟ್ಟೆ ಬೇಕು ಅನ್ನುವುದನ್ನು ಪ್ರವಾಸದ ದಿನಗಳಿಂದ ಲೆಕ್ಕ ಹಾಕಬೇಡಿ. ಒಂದು ಸಲ ಒಗೆದದ್ದು ಒಣಗಿ ಕೈಗೆ ಸಿಗಲು ಎಷ್ಟು ಹೊತ್ತು ಬೇಕು ಅನ್ನುವುದರಿಂದ ಲೆಕ್ಕ ಹಾಕಿ. ಏಪ್ರಿಲ್‌ನ ಹಂಪಿಯಲ್ಲೋ ಜೈಸಲ್ಮೇರ್‌ನಲ್ಲೋ ಬೆಳಿಗ್ಗೆ ಹರವಿದ ಶರ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿ. ಜುಲೈಯ ಆಗುಂಬೆ, ಮಡಿಕೇರಿ, ಉಡುಪಿಯಲ್ಲಿ ಅದೇ ಶರ್ಟು ಎರಡು ದಿನವಾದರೂ ತಣ್ಣಗೆ ಅಂಟುತ್ತಿರುತ್ತದೆ. ಗಾಳಿಯಲ್ಲೇ ನೀರು ತುಂಬಿರುವಾಗ ಬಟ್ಟೆಯ ನೀರು ಹೋಗುವುದಾದರೂ ಎಲ್ಲಿಗೆ? ಮಳೆಗಾಲದ ಮಲೆನಾಡು, ಕರಾವಳಿಗೆ ಹೋಗುವವರು ಈ ಲೇಖನ ಬದಿಗಿಟ್ಟು ಬಟ್ಟೆ ಜಾಸ್ತಿಯೇ ಒಯ್ಯಿರಿ.

ಕಾಶಿಗೆ ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯ ಕಾಲ. ಹಗಲು ಬಿಸಿಲಿರುತ್ತದೆ, ಸೆಕೆ ಇರುವುದಿಲ್ಲ. ಡಿಸೆಂಬರ್ ಕೊನೆ ಮತ್ತು ಜನವರಿಯ ಮಾತೇ ಬೇರೆ. ಮಂಜು ಕವಿದು ಸೂರ್ಯನೇ ಕಾಣದ ದಿನಗಳಿರುತ್ತವೆ, ರೈಲೂ ತಡ. ಆಗ ಸ್ವೆಟರ್ ಒಗೆಯುವ ಯೋಚನೆಯೇ ಬೇಡ. ಮೈಗೆ ತಾಗುವ ಬನಿಯನ್, ಚಡ್ಡಿ, ಕಾಲುಚೀಲ ಆರೇಳು ಜೊತೆ ಇಟ್ಟುಕೊಳ್ಳಿ. ಬೆವರು ಹೀರುವುದು ಅವೇ. ಮೇಲಿನ ಸ್ವೆಟರ್ ಹತ್ತು ದಿನ ಒಂದೇ ಆದರೂ ಏನೂ ಆಗುವುದಿಲ್ಲ.

ಲೇಹ್‌ಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಬಟ್ಟೆ ಬೇಗ ಒಣಗುತ್ತದೆ ನಿಜ, ಆದರೆ ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ ಬೀಳುವ ಊರದು. ಪ್ರವಾಸಿಗರು ಬಕೆಟ್‌ಗಟ್ಟಲೆ ನೀರು ಸುರಿದು ಒಗೆಯುವುದು ಸರಿಯಲ್ಲ. ನೀರಿಗೆ ಕಷ್ಟವಿರುವ ಊರಿಗೆ ಒಂದೆರಡು ಜೊತೆ ಹೆಚ್ಚೇ ಹೊತ್ತುಕೊಂಡು ಹೋಗಿ.

ಯಾವ ಬಟ್ಟೆ?

ಹತ್ತಿಯ ನೂಲು ನೀರನ್ನು ತನ್ನೊಳಗೇ ಕುಡಿಯುತ್ತದೆ. ಪಾಲಿಯೆಸ್ಟರ್‌ನಲ್ಲಿ ನೀರು ಎಳೆಗಳ ನಡುವೆ ಮಾತ್ರ ನಿಲ್ಲುತ್ತದೆ, ಹಿಂಡಿದರೆ ಹೋಗುತ್ತದೆ. ಅದಕ್ಕೇ ಆಟದ ಟೀ ಶರ್ಟು ಒಂದು ರಾತ್ರಿಯಲ್ಲಿ ಒಣಗುವುದು, ಜೀನ್ಸ್ ಮಾರನೇ ದಿನ ಸಂಜೆಯಾದರೂ ಸೊಂಟದ ಹತ್ತಿರ ಒದ್ದೆ ಇರುವುದು. ಜೀನ್ಸ್ ಮನೆಯಲ್ಲೇ ಇರಲಿ. ತೂಕವೂ ಜಾಸ್ತಿ, ಒಗೆಯಲೂ ಕಷ್ಟ.

ಹಾಗಂತ ಹತ್ತಿ ಬೇಡ ಅಂತಲ್ಲ. ತೆಳು ಹತ್ತಿ ಬೇಗ ಒಣಗುತ್ತದೆ. ನಮ್ಮ ಪಾಣಿಪಂಚೆಯನ್ನೇ ನೋಡಿ. ಮೈ ಒರೆಸಿ, ಹಿಂಡಿ, ಫ್ಯಾನಿನ ಕೆಳಗೆ ಹಾಕಿದರೆ ಒಂದೆರಡು ಗಂಟೆಯಲ್ಲಿ ಸಿದ್ಧ. ಟರ್ಕಿ ಟವಲಿಗೆ ಇಡೀ ದಿನ ಬೇಕು, ಚೀಲದಲ್ಲಿ ಅರ್ಧ ಜಾಗವೂ ಬೇಕು. ಪ್ರವಾಸಕ್ಕೆ ಪಾಣಿಪಂಚೆಗಿಂತ ಒಳ್ಳೆಯ ಟವಲನ್ನು ಯಾವ ಅಂಗಡಿಯಲ್ಲೂ ನಾನು ನೋಡಿಲ್ಲ. ಹೊದೆಯಲು, ಹಾಸಲು, ತಲೆಗೆ ಸುತ್ತಲು ಎಲ್ಲಕ್ಕೂ ಆಗುತ್ತದೆ. ಒಬ್ಬರಿಗೆ ಎರಡು ಇರಲಿ.

ಹತ್ತಿ ಸೀರೆಗೆ ಗಂಜಿ, ಇಸ್ತ್ರಿ ಎರಡೂ ಬೇಕು. ಕ್ರೇಪ್, ಜಾರ್ಜೆಟ್ ಸೀರೆಗೆ ಎರಡೂ ಬೇಡ. ಚೂಡಿದಾರ್ ಹಾಕುವವರು ಮೂರು ಟಾಪಿಗೆ ಹೊಂದುವ ಒಂದೇ ಬಣ್ಣದ ಎರಡು ಪ್ಯಾಂಟು, ಒಂದು ವೇಲು ಒಯ್ದರೆ ಸಾಕು. ಹೊಸ ಬಟ್ಟೆಯನ್ನು ಮನೆಯಲ್ಲೇ ಒಮ್ಮೆ ಒಗೆದು ನೋಡಿ. ಬಣ್ಣ ಬಿಡುವ ಕುರ್ತಾ ಒಂದಿದ್ದರೆ ಬಕೆಟ್ಟಿನಲ್ಲಿರುವ ಎಲ್ಲ ಬಟ್ಟೆಯೂ ಹಾಳು. ಕಾಶಿಯಲ್ಲಿ ಪಿಂಡಪ್ರದಾನ ಮಾಡುವವರು ಅದರ ಪಂಚೆ, ಶಲ್ಯ ಬೇರೆಯೇ ಕಟ್ಟಿಡಿ. ದಿನದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಸ್ನಾನದ ಬಟ್ಟೆ

ತೀರ್ಥಯಾತ್ರೆಯಲ್ಲಿ ಬೇರೆ ಪ್ರವಾಸಗಳಿಗಿಲ್ಲದ ಒಂದು ತೊಂದರೆ ಇದೆ. ಗಂಗೆಯಲ್ಲಿ ಮುಳುಗಿ ಎದ್ದರೆ ಒಂದು ಜೊತೆ ಬಟ್ಟೆ ಪೂರ್ತಿ ಒದ್ದೆ. ಪ್ರಯಾಗದ ಸಂಗಮದಲ್ಲಿ ದೋಣಿಯಲ್ಲಿ ಹೋಗಿ ಮುಳುಗು ಹಾಕುತ್ತೀರಿ, ಒದ್ದೆ ಬಟ್ಟೆ ಮತ್ತೆ ದೋಣಿಯಲ್ಲೇ ದಡಕ್ಕೆ ಬರಬೇಕು. ಅದಕ್ಕೆ ಸ್ನಾನಕ್ಕೇ ಅಂತ ಒಂದು ತೆಳು ಜೊತೆ ಮೀಸಲಿಡಿ. ಗಂಡಸರಿಗೆ ಒಂದು ಪಂಚೆ, ಹೆಂಗಸರಿಗೆ ನೈಲಾನ್ ಸೀರೆ ಅಥವಾ ಕಡು ಬಣ್ಣದ ತೆಳು ಚೂಡಿದಾರ್. ಎಲ್ಲ ಕ್ಷೇತ್ರಕ್ಕೂ ಅದೇ ಜೊತೆ. ಒದ್ದೆ ಬಟ್ಟೆ ತರಲು ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಚೀಲ ಬೇಕು. ರೂಮಿಗೆ ಬಂದ ಕೂಡಲೇ ತೆಗೆದು ಒಳ್ಳೆ ನೀರಲ್ಲಿ ಜಾಲಿಸಿ ಹರವಿ. ಚೀಲದೊಳಗೇ ಸಂಜೆಯವರೆಗೆ ಬಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಸೋಪು ಹಚ್ಚಿ ಒಗೆಯುವುದು ಮಾತ್ರ ನದಿಯಲ್ಲಿ ಬೇಡವೇ ಬೇಡ. ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವುದೂ ಬೇಡ. ನಮ್ಮ ರಾಜ್ಯದಲ್ಲೂ ತೀರ್ಥಕ್ಷೇತ್ರಗಳ ನದಿಗಳ ಗತಿ ನೋಡಿಯೇ 2025ರ ಮಾರ್ಚ್‌ನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆ ಅವರು ನದಿ ತೀರದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ತಡೆಯಲು ಅಧಿಕಾರಿಗಳಿಗೆ ಸೂಚಿಸಿದ್ದು. ಪುಣ್ಯಸ್ನಾನಕ್ಕೆ ಹೋದವರು ಆ ನೀರಿಗೇ ನೊರೆ ಬಿಡುವುದು ಯಾವ ನ್ಯಾಯ?

ರೂಮಿನಲ್ಲಿ ಒಗೆಯುವ ಕ್ರಮ

ಒಯ್ಯಬೇಕಾದ ಸಾಮಾನು ಸ್ವಲ್ಪವೇ. ಬಟ್ಟೆ ಸೋಪಿನ ಅರ್ಧ ತುಂಡು ಅಥವಾ ಚಿಕ್ಕ ಡಬ್ಬಿಯಲ್ಲಿ ಪೌಡರ್, ಮೂರು ಮೀಟರ್ ನೈಲಾನ್ ಹಗ್ಗ, ಎಂಟು ಕ್ಲಿಪ್ಪು, ಎರಡು ಹ್ಯಾಂಗರ್. ಮೈ ಸೋಪಿನಲ್ಲಿ ಒಗೆಯಲು ಹೋಗಬೇಡಿ. ಗಡಸು ನೀರಿನಲ್ಲಿ ಅದು ನೊರೆ ಬರುವುದಿಲ್ಲ, ಬಟ್ಟೆಗೆ ಜಿಡ್ಡಿನ ಹಾಗೆ ಅಂಟಿಕೊಳ್ಳುತ್ತದೆ.

ಸಂಜೆ ರೂಮಿಗೆ ಬಂದು ಸ್ನಾನಕ್ಕೆ ಹೋಗುವಾಗಲೇ ಅವತ್ತಿನ ಬಟ್ಟೆ ಬಕೆಟ್ಟಿಗೆ ಹಾಕಿ. ಅರ್ಧ ಚಮಚ ಪೌಡರ್ ಸಾಕು. ಜಾಸ್ತಿ ಹಾಕಿದರೆ ಜಾಲಿಸಿ ಜಾಲಿಸಿ ಸುಸ್ತಾಗುತ್ತೀರಿ, ನೀರೂ ದಂಡ. ಕಾಲರು, ಕಂಕುಳು, ಕೈ ಅಂಚು ಮೂರನ್ನು ಉಜ್ಜಿದರೆ ಒಂದು ದಿನ ಹಾಕಿದ ಶರ್ಟಿಗೆ ಅಷ್ಟೇ ಬೇಕಾಗಿರುವುದು. ಎರಡು ಸಲ ಜಾಲಿಸಿ ಹಿಂಡಿ.

ಇನ್ನು ಮುಖ್ಯವಾದದ್ದು. ಹಿಂಡಿದ ಶರ್ಟನ್ನು ಹಾಗೇ ಹಗ್ಗಕ್ಕೆ ಹಾಕಬೇಡಿ. ಹಾಸಿಗೆಯ ಮೇಲಲ್ಲ, ನೆಲದ ಮೇಲೆ ಒಂದು ಒಣ ಟವಲು ಹಾಸಿ. ಹೋಟೆಲಿನವರು ಕೊಟ್ಟ ದಪ್ಪ ಟವಲು ಇದಕ್ಕೆ ಚೆನ್ನ. ಶರ್ಟನ್ನು ಅದರ ಮೇಲೆ ಚಪ್ಪಟೆಯಾಗಿ ಹರಡಿ, ತೋಳುಗಳನ್ನು ಒಳಗೆ ಮಡಚಿ. ಟವಲು ಸಮೇತ ಒಂದು ತುದಿಯಿಂದ ಬಿಗಿಯಾಗಿ ಸುರುಳಿ ಸುತ್ತಿ. ಅದರ ಮೇಲೆ ಮೊಣಕಾಲೂರಿ ಈ ತುದಿಯಿಂದ ಆ ತುದಿಗೆ ಒತ್ತುತ್ತ ಹೋಗಿ. ಬಿಚ್ಚಿ ನೋಡಿದರೆ ಟವಲು ಒದ್ದೆಯಾಗಿರುತ್ತದೆ, ಶರ್ಟಿನಲ್ಲಿ ಬರೀ ಪಸೆ ಉಳಿದಿರುತ್ತದೆ. ರಾತ್ರಿಯೆಲ್ಲ ಬೇಕಾಗುತ್ತಿದ್ದ ಬಟ್ಟೆ ಇದರಿಂದ ಎಷ್ಟೋ ಬೇಗ ಒಣಗುತ್ತದೆ. ಆಮೇಲೆ ಜೋರಾಗಿ ಎರಡು ಸಲ ಕೊಡವಿ ಹ್ಯಾಂಗರಿಗೆ ಹಾಕಿ. ಇಸ್ತ್ರಿಯ ಅರ್ಧ ಕೆಲಸ ಆ ಕೊಡವುವುದರಲ್ಲೇ ಆಗುತ್ತದೆ.

ಒಣಹಾಕುವುದು ಬಾತ್‌ರೂಮಿನಲ್ಲಿ ಅಲ್ಲ, ಫ್ಯಾನಿನ ಗಾಳಿ ನೇರ ತಾಗುವ ಕಡೆ. ಒಂದರ ಮೇಲೊಂದು ಬೀಳದಂತೆ, ನಡುವೆ ಒಂದು ಗೇಣು ಜಾಗವಿರಲಿ. ಎಸಿ ರೂಮಾದರೆ ರಿಮೋಟಿನಲ್ಲಿ ಡ್ರೈ ಅನ್ನುವ ಗುಂಡಿ ಇರುತ್ತದೆ. ಅದು ಗಾಳಿಯ ತೇವ ತೆಗೆಯುತ್ತದೆ, ಒಂದೆರಡು ಗಂಟೆ ಹಾಕಿಡಿ. ರೂಮಿನ ದೀಪದ ಮೇಲೆ, ಹೀಟರಿನ ಮೇಲೆ ಬಟ್ಟೆ ಹಾಕುವುದು ಅಪಾಯ. ಕಾಶಿಯ ತಾರಸಿಗಳಲ್ಲಿ ಒಣಹಾಕಿದರೆ ಹತ್ತಿರವೇ ಕೂತಿರಿ, ಇಲ್ಲವಾದರೆ ಕೋತಿಗಳು ಒಯ್ಯುತ್ತವೆ.

ಒಣಗಿದೆಯಾ ಅಂತ ನೋಡಲು ಶರ್ಟಿನ ಬೆನ್ನು ಮುಟ್ಟಿದರೆ ಸಾಲದು. ಕಾಲರಿನ ಒಳಮಡಿಕೆ, ಜೇಬಿನ ಹೊಲಿಗೆ, ಚಡ್ಡಿಯ ಎಲಾಸ್ಟಿಕ್ ಮುಟ್ಟಿ ನೋಡಿ. ತೇವ ಕೊನೆಗೆ ಉಳಿಯುವುದು ಅಲ್ಲೇ. ಅರೆಬರೆ ಒಣಗಿದ ಒಳಉಡುಪು ಹಾಕಿಕೊಂಡು ದಿನವಿಡೀ ಸುತ್ತಿದರೆ ತೊಡೆಸಂದಿಯಲ್ಲಿ ತುರಿಕೆ, ಹುಳುಕಡ್ಡಿ ಬರುತ್ತದೆ. ಹೆಂಗಸರು ಸಂಕೋಚಕ್ಕೆ ಒಳಉಡುಪನ್ನು ಟವಲಿನ ಅಡಿಯಲ್ಲಿ ಮುಚ್ಚಿ ಒಣಹಾಕುವ ರೂಢಿ ಇದೆಯಲ್ಲ, ದಯವಿಟ್ಟು ಅದನ್ನು ಬಿಡಿ. ಗಾಳಿ ತಾಗದೆ ಅದು ಒಣಗುವುದಿಲ್ಲ. ರೂಮು ನಿಮ್ಮದೇ, ಯಾರ ಸಂಕೋಚ?

ಯಾರು ಒಗೆಯಬೇಕು?

ಕಮ್ಮಿ ಬಟ್ಟೆ ಒಯ್ಯೋಣ, ಅಲ್ಲೇ ಒಗೆದುಕೊಂಡರಾಯಿತು ಅಂತ ಮನೆಯಲ್ಲಿ ಹೇಳುವವರು ಒಬ್ಬರು, ಅಲ್ಲಿ ಹೋಗಿ ಒಗೆಯುವವರು ಇನ್ನೊಬ್ಬರು. ಉಳಿದವರು ಗಂಗಾರತಿ ನೋಡಲು ದಶಾಶ್ವಮೇಧ ಘಾಟಿಗೆ ಹೋದಾಗ ಅಮ್ಮ ಬಾತ್‌ರೂಮಿನಲ್ಲಿ ನಾಲ್ಕು ಜನರ ಬಟ್ಟೆ ಕುಕ್ಕುತ್ತಿದ್ದರೆ ಅದು ಅವರಿಗೆ ಯಾತ್ರೆ ಹೇಗಾಗುತ್ತದೆ? ಹೊರಡುವ ಮೊದಲೇ ಮಾತಾಡಿಕೊಳ್ಳಿ. ಸ್ನಾನಕ್ಕೆ ಹೋದವರು ತಮ್ಮ ಬಟ್ಟೆ ತಾವೇ ಒಗೆದು ಹೊರಗೆ ಬರಬೇಕು. ಹತ್ತು ವರ್ಷದ ಮಕ್ಕಳಿಗೂ ತಮ್ಮ ಬನಿಯನ್ ಒಗೆಯಲು ಬರುತ್ತದೆ. ಇದಕ್ಕೆ ಒಪ್ಪದ ಮನೆಯವರು ಬಟ್ಟೆ ಜಾಸ್ತಿ ಒಯ್ಯಲಿ, ಇಲ್ಲ ಲಾಂಡ್ರಿಗೆ ದುಡ್ಡು ತೆಗೆದಿಡಲಿ. ಕೈ ನೋವಿರುವ ಹಿರಿಯರ ಬಟ್ಟೆಯನ್ನು ಮಕ್ಕಳು ಹಿಂಡಿಕೊಡಿ. ಪುಟ್ಟ ಮಗುವಿನ ಬಟ್ಟೆಗೆ ಯಾವ ಲೆಕ್ಕವೂ ಇಲ್ಲ, ಹಿಡಿದಷ್ಟು ಒಯ್ಯಿರಿ.

ಲಾಂಡ್ರಿಗೆ ಕೊಡುವುದಾದರೆ ಹೋಟೆಲಿನ ಬೀರುವಿನಲ್ಲಿರುವ ದರಪಟ್ಟಿ ಮೊದಲು ಓದಿ. ಅಲ್ಲಿ ಒಂದೊಂದು ಬಟ್ಟೆಗೂ ಬೇರೆ ಬೇರೆ ದರ, ಅದೇ ದಿನ ಬೇಕೆಂದರೆ ಇನ್ನೂ ಹೆಚ್ಚು. ಹೊರಗಿನ ಲಾಂಡ್ರಿ, ಇಸ್ತ್ರಿ ಅಂಗಡಿ ಇದಕ್ಕಿಂತ ಎಷ್ಟೋ ಅಗ್ಗ. ಪ್ರವಾಸಿಗರು ಹೆಚ್ಚಿರುವ ಊರುಗಳಲ್ಲಿ ಕೆ.ಜಿ. ಲೆಕ್ಕದಲ್ಲಿ ಒಗೆದುಕೊಡುವವರೂ ಇದ್ದಾರೆ. ಊರು ಮುಟ್ಟಿದ ದಿನವೇ ಕೊಡಿ, ಬಿಡುವ ಹಿಂದಿನ ದಿನವಲ್ಲ. ಎಣಿಸಿ, ಹಾಸಿಗೆ ಮೇಲೆ ಹರಡಿ ಫೋಟೊ ತೆಗೆದುಕೊಂಡು ಕೊಡಿ.

ಹತ್ತು ದಿನ ಹೀಗೆ ಹಂಚಿ

ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿದರೆ ಕಾಶಿಗೆ ಹತ್ತಿರದ ದೀನದಯಾಳ್ ಉಪಾಧ್ಯಾಯ ಜಂಕ್ಷನ್, ಅಂದರೆ ಹಳೆಯ ಮೊಘಲ್‌ಸರಾಯ್ ಮುಟ್ಟಲು ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ರೈಲಿನಲ್ಲಿ ಒಂದೇ ಜೊತೆ ಸಾಕು, ಒಳಉಡುಪು ಮಾತ್ರ ಬದಲಿಸಿ. ಕಾಶಿ ಮುಟ್ಟಿದ ದಿನ ಮೊದಲ ದೊಡ್ಡ ಒಗೆತ. ಅಲ್ಲಿ ಮೂರು ರಾತ್ರಿ ಇರುವುದರಿಂದ ಪ್ಯಾಂಟು ಕೂಡ ಒಣಗುತ್ತದೆ. ಪ್ರಯಾಗದಲ್ಲಿ ಒಂದೇ ರಾತ್ರಿಯಾದರೆ ಸ್ನಾನದ ಬಟ್ಟೆ, ಒಳಉಡುಪು ಬಿಟ್ಟು ಬೇರೇನೂ ಮುಟ್ಟಬೇಡಿ. ಅಯೋಧ್ಯೆ ಮುಟ್ಟಿದ ಮಧ್ಯಾಹ್ನ ಎರಡನೇ ಒಗೆತ, ವಾಪಸ್ ರೈಲಿಗೆ ಬೇಕಾದ ಒಂದೆರಡು ಜೊತೆಗಷ್ಟೇ. ಉಳಿದದ್ದನ್ನು ಮಡಚಿ ಬೇರೆ ಚೀಲಕ್ಕೆ ತುಂಬಿ, ಊರಿಗೆ ಬಂದು ಮಷಿನ್ನಿಗೆ ಹಾಕಿ. ಒದ್ದೆ ಬಟ್ಟೆಯನ್ನು ಮಾತ್ರ ರೈಲಿಗೆ ಹತ್ತಿಸಬೇಡಿ. ಹೊರಡುವ ಹೊತ್ತಿಗೆ ಒಣಗದೆ ಉಳಿದದ್ದಿದ್ದರೆ ಹತ್ತಿರದ ಇಸ್ತ್ರಿ ಅಂಗಡಿಗೆ ಒಯ್ದು ಬಿಸಿ ಪೆಟ್ಟಿಗೆ ಆಡಿಸಿಕೊಂಡು ಬನ್ನಿ, ಹತ್ತು ನಿಮಿಷದ ಕೆಲಸ.