ಮಹಾ ಯೋಜನೆಗೆ ಸಲಹೆ ಬರೆಯುವವರಿಗೆ: ಹೊಸ ಬಡಾವಣೆಗಳಲ್ಲಿ ಕಡಿಮೆ ಆದಾಯದವರ ಪಾಲು

ಮೈಸೂರಿನ ರಿಂಗ್ ರಸ್ತೆಯಾಚೆ ಬೋಗಾದಿ, ಯಲವಾಲ, ವರುಣದ ಕಡೆಗೆ ಬಡಾವಣೆಗಳು ಬೆಳೆಯುತ್ತಿವೆ. ಆದರೆ ಅಲ್ಲಿ ಗಾರೆ ಕೆಲಸ, ಮನೆಗೆಲಸ ಮಾಡುವವರಿಗೆ ಅಲ್ಲಿನ ನಿವೇಶನ ಎಟಕುವುದಿಲ್ಲ. ದೊಡ್ಡ ವಸತಿ ಯೋಜನೆಯ ನಕ್ಷೆಗೆ ಅನುಮೋದನೆ ನೀಡುವಾಗಲೇ ಅದರಲ್ಲೊಂದು ಪಾಲನ್ನು ಕಡಿಮೆ ಆದಾಯದ ಕುಟುಂಬಗಳಿಗೆ ಕಡ್ಡಾಯವಾಗಿ ಬಿಡಿಸುವ ವಲಯ ನಿಯಮ ಇದಕ್ಕೊಂದು ಪರಿಹಾರ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ಮಹಾ ಯೋಜನೆಯ (ನಗರದ ಯಾವ ಭಾಗ ಯಾವ ಬಳಕೆಗೆ ಎಂದು ನಿರ್ಧರಿಸುವ ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ ಸಾರ್ವಜನಿಕರು ಲಿಖಿತವಾಗಿ ಸಲಹೆ ಸಲ್ಲಿಸಬಹುದಾಗಿದ್ದು, ಈ ಬೇಡಿಕೆಯನ್ನು ಮುಂದಿಡಲು ಅದೇ ತಕ್ಕ ಸಮಯ.

ಕರಡಿನ ಬಣ್ಣದ ನಕ್ಷೆಗಿಂತ ಮೊದಲು, ಎಲ್ಲಿ ಏನು ಕಟ್ಟಬಹುದೆಂದು ಹೇಳುವ ವಲಯ ನಿಯಮಾವಳಿಯನ್ನು ಓದಿ. ಬಡವರಿಗೆ ಅನುಕೂಲವಾಗಲಿ ಎಂದಷ್ಟೇ ಬರೆದರೆ ಅದು ಕಡತ ಸೇರುತ್ತದೆ. ಯಾವ ನಿಯಮಕ್ಕೆ ಯಾವ ವಾಕ್ಯ ಸೇರಬೇಕೆಂಬುದನ್ನೇ ಬರೆದುಕೊಡಿ.

ಎಷ್ಟು ಪಾಲು ಎಂಬುದಕ್ಕೆ 2007ರ ರಾಷ್ಟ್ರೀಯ ನಗರ ವಸತಿ ಮತ್ತು ಆವಾಸ ನೀತಿಯನ್ನು ಆಧಾರವಾಗಿ ಉಲ್ಲೇಖಿಸಿ: ಹೊಸ ವಸತಿ ಯೋಜನೆಗಳಲ್ಲಿ ಶೇ. 10ರಿಂದ 15ರಷ್ಟು ಜಮೀನು ಅಥವಾ ಶೇ. 20ರಿಂದ 25ರಷ್ಟು ಎಫ್‌ಎಆರ್ (ಜಮೀನಿನ ಅಳತೆಗೆ ಹೋಲಿಸಿ ಕಟ್ಟಬಹುದಾದ ಒಟ್ಟು ನೆಲದ ವಿಸ್ತೀರ್ಣದ ಅನುಪಾತ), ಇವೆರಡರಲ್ಲಿ ಹೆಚ್ಚಿನದು. ಒಬ್ಬರದೇ ಹೊಂದಿಕೊಂಡ ಜಮೀನನ್ನು ತುಂಡು ಮಾಡಿ, ಯೋಜನೆ ದೊಡ್ಡದಲ್ಲವೆಂದು ತೋರಿಸಿ ಈ ನಿಯಮದಿಂದ ತಪ್ಪಿಸಿಕೊಳ್ಳದಂತೆ, ಅದೆಲ್ಲವನ್ನೂ ಒಂದೇ ಯೋಜನೆಯೆಂದು ಎಣಿಸಬೇಕೆಂದೂ ಸೇರಿಸಿ.

ನನ್ನ ದೃಷ್ಟಿಯಲ್ಲಿ ಶೇಕಡಾವಾರಿಗಿಂತ ಮುಖ್ಯವಾದದ್ದು, ಈ ಮನೆಗಳ ಬೆಲೆ ಎಷ್ಟು ವರ್ಷ ನಿಯಂತ್ರಣದಲ್ಲಿರಬೇಕೆಂಬ ಅವಧಿ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿ 1974ರಲ್ಲಿ, 50 ಅಥವಾ ಅದಕ್ಕೂ ಹೆಚ್ಚು ಮನೆಗಳ ಯೋಜನೆಗಳಲ್ಲಿ ಶೇ. 15ರಷ್ಟನ್ನು ಕೈಗೆಟಕುವ ದರದಲ್ಲಿ ಕೊಡಬೇಕೆಂದು ಕಾನೂನು ಮಾಡಿತು. ಆದರೆ ಮಾರಾಟದ ಮನೆಗಳ ಬೆಲೆಯ ಮೇಲಿನ ನಿಯಂತ್ರಣ ಆರಂಭದಲ್ಲಿ 5 ವರ್ಷಕ್ಕಷ್ಟೇ ಇದ್ದುದರಿಂದ, ಅವಧಿ ಮುಗಿದ ಮನೆಗಳು ಒಂದೊಂದಾಗಿ ಮಾರುಕಟ್ಟೆಯ ದರಕ್ಕೆ ಹೋದವು. ಆ ಅವಧಿಯನ್ನು 2005ರಲ್ಲಿ 30 ವರ್ಷಕ್ಕೆ ಏರಿಸಲಾಯಿತು. ಆದ್ದರಿಂದ ಮರುಮಾರಾಟದ ದರಕ್ಕೆ ಮಿತಿ ಇರಬೇಕು, ಮರಳಿ ಕೊಳ್ಳುವ ಮೊದಲ ಹಕ್ಕು ನಕ್ಷೆಗೆ ಅನುಮೋದನೆ ನೀಡುವ ಪ್ರಾಧಿಕಾರದ್ದಾಗಿರಬೇಕು, ಈ ಷರತ್ತು ನೋಂದಾಯಿತ ಕ್ರಯಪತ್ರದಲ್ಲಿಯೇ ಬರಬೇಕು ಎಂದು ಒತ್ತಾಯಿಸಿ.

ಡೆವಲಪರ್‌ಗಳಿಗೆ ಪ್ರತಿಯಾಗಿ ಹೆಚ್ಚುವರಿ ಎಫ್‌ಎಆರ್ ನೀಡುವುದು ಅಪಾರ್ಟ್‌ಮೆಂಟ್‌ಗಳಿಗೆ ಹೊಂದುತ್ತದೆ. ನಿವೇಶನಗಳನ್ನಷ್ಟೇ ಮಾರುವ ಬಡಾವಣೆಗೆ ಅದರಿಂದ ಲಾಭವಿಲ್ಲ. ಅಲ್ಲಿ 20x30 ಅಡಿ ಅಳತೆಯ ನಿವೇಶನಗಳನ್ನು ಮೂಲೆಯೊಂದಕ್ಕೆ ತಳ್ಳದೆ ಎಲ್ಲ ರಸ್ತೆಗಳಲ್ಲಿಯೂ ಹಂಚಬೇಕೆಂದು ಕೇಳಿ. ಪಾಲಿನ ಬದಲು ಹಣ ಕಟ್ಟುವ ಅವಕಾಶಕ್ಕೆ ಒಪ್ಪಬೇಡಿ, ಏಕೆಂದರೆ ಆ ಹಣದಿಂದ ಕಟ್ಟುವ ಮನೆಗಳು ಜಮೀನು ಅಗ್ಗವಾಗಿರುವ, ಬಸ್ಸು ವಿರಳವಾಗಿರುವ ಕಡೆಗೇ ಹೋಗುತ್ತವೆ.

ಸಲಹೆಯನ್ನು ಪ್ರಕಟಣೆಯಲ್ಲಿ ಹೇಳಿರುವ ಗಡುವಿನೊಳಗೆ ಸಲ್ಲಿಸಿ, ದಿನಾಂಕ ಮತ್ತು ಮೊಹರು ಇರುವ ಸ್ವೀಕೃತಿ ಪಡೆದು, ಖುದ್ದಾಗಿ ಅಹವಾಲು ಹೇಳಲು ಅವಕಾಶ ಬೇಕೆಂದು ಅದೇ ಪತ್ರದಲ್ಲಿ ಕೋರಿ.